ಒಂದು ರಾತ್ರಿಗೆ 31 ಕಿಲೋ

ದೀಪಾವಳಿಗೆ ಎರಡು ವಾರ ಇದೆ ಎನ್ನುವಾಗ ನಮ್ಮ ಮನೆಯಲ್ಲಿ ಗಂಡಸರು ಒಂದೆಡೆ ನಿಲ್ಲುವಂತಿಲ್ಲ. ನಿಂತರೆ ಕೈಗೆ ಪೊರಕೆ ಬರುತ್ತದೆ. ಕೂತರೆ, ಕೂತ ಕುರ್ಚಿಯನ್ನೇ ತೊಳೆಯಲು ಒಯ್ಯುತ್ತಾರೆ. ಹೋದ ವರ್ಷ ಅಟ್ಟ ಹತ್ತಿ ಜೇಡರ ಬಲೆ ತೆಗೆದು, ಆ ಧೂಳಿಗೆ ಮೂಗು ಕಟ್ಟಿ, ಹಬ್ಬದ ದಿನ ಕಜ್ಜಾಯ ಯಾವುದು ರಟ್ಟು ಯಾವುದು ಎಂದು ನಾಲಿಗೆಗೆ ತಿಳಿಯದೆ ಹೋದವನು ನಾನು. ಆದ್ದರಿಂದ ಈ ಸಲ ಭಾವಮೈದ ಫೋನು ಮಾಡಿ, "ಭಾವ, ಶನಿವಾರ ಕೊಟ್ಟಿಗೆಹಾರದ ಹತ್ತಿರ ನನ್ನ ಸ್ನೇಹಿತನ ಕಾಫಿ ತೋಟಕ್ಕೆ ಹೊರಟಿದ್ದೇನೆ. ಬೈಕಿನಲ್ಲೇ. ರಾತ್ರಿ ಡೇರೆ ಹಾಕಿಕೊಂಡು ಅಲ್ಲೇ ಮಲಗುವುದು, ಬರುತ್ತೀರಾ?" ಎಂದಾಗ ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿಕೊಂಡೆ.

ಹೆಂಡತಿ ತಡೆಯಲಿಲ್ಲ. "ಹೋಗಿ ಬನ್ನಿ. ಅಟ್ಟ ಎಲ್ಲಿಗೂ ಹೋಗುವುದಿಲ್ಲ" ಎಂದಳು.

ಒಂದು ರಾತ್ರಿ ಹೊರಗೆ ಮಲಗಲು ಏನೇನು ಬೇಕು? ಇದನ್ನು ಕೇಳಬೇಕಾದದ್ದು ಭಾವಮೈದನನ್ನು. ನಾನು ಕೇಳಿದ್ದು ಮೊಬೈಲನ್ನು. ಅದು ತೋರಿಸಿದ್ದೆಲ್ಲ ಲಡಾಖಿಗೆ ಹೋಗುವವರ ವಿಡಿಯೊ. ಅಲ್ಲಿನ ಖಾರ್ದುಂಗ್ ಲಾ ಎಂಬ ಘಟ್ಟದ ದಾರಿ ಇರುವುದು ಸುಮಾರು 17,500 ಅಡಿ ಎತ್ತರದಲ್ಲಿ. ಕೊಟ್ಟಿಗೆಹಾರ 3,000 ಅಡಿಯ ಆಸುಪಾಸಿನಲ್ಲಿ. ಆದರೆ ಸತತ ನಾಲ್ಕು ರಾತ್ರಿ ಹಿಮದ ಗೋಡೆಗಳ ನಡುವೆ ಬೈಕು ಓಡುವುದನ್ನು ನೋಡಿದವನಿಗೆ ಮೂಡಿಗೆರೆ ತಾಲ್ಲೂಕು ಕೂಡ ಹಿಮಾಲಯದ ಒಂದು ಹೋಬಳಿಯಂತೆ ಕಾಣತೊಡಗುತ್ತದೆ. ಮೈನಸ್ 5 ಡಿಗ್ರಿಯ ಚಳಿಗೂ ಜಗ್ಗದ ಸ್ಲೀಪಿಂಗ್ ಬ್ಯಾಗ್ ಬಂತು. ಕಿತ್ತಳೆ ಬಣ್ಣದ ಡೇರೆ, ಅದರ ಜೊತೆಗೆ 12 ಗೂಟ, ಗೂಟ ಹೊಡೆಯಲು ಸುತ್ತಿಗೆ, ಮೂರು ಟಾರ್ಚು, ಮಡಚುವ ಕುರ್ಚಿ, ಪುಟ್ಟ ಗ್ಯಾಸ್ ಒಲೆ, ಅದಕ್ಕೊಪ್ಪುವ ಅಂಗೈ ಅಗಲದ ತವಾ, ಪಂಕ್ಚರ್ ಕಿಟ್ಟು, ಮೊಣಕಾಲಿನವರೆಗೆ ಬರುವ, ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚದ ಕಾಲುಚೀಲ, ಒಂದು ದಿಕ್ಸೂಚಿ. ಹಾಸನ ಬೆಂಗಳೂರಿಗೆ ಪಶ್ಚಿಮದಲ್ಲಿದೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಆದರೂ ಇರಲಿ ಎಂದು.

ಶುಕ್ರವಾರ ಸಂಜೆ ಇವನ್ನೆಲ್ಲ ಮೂರು ಚೀಲಗಳಿಗೆ ತುಂಬಿ, ತೂಕ ನೋಡೋಣವೆಂದು ಬೀದಿ ಕೊನೆಯ ಹಳೇಪೇಪರ್ ಅಂಗಡಿಗೆ ಒಯ್ದೆ. ತಕ್ಕಡಿ 31 ಕಿಲೋ ತೋರಿಸಿತು. ಅಂಗಡಿಯವನು ಚೀಲದೊಳಗೆ ಒಮ್ಮೆ ಇಣುಕಿ, "ಕಬ್ಬಿಣ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿಕೊಂಡು ಬನ್ನಿ ಸಾರ್, ಒಳ್ಳೆಯ ರೇಟು ಹಾಕಿಕೊಡುತ್ತೇನೆ" ಎಂದ.

ತೂಕ ಇಳಿಸಲೇಬೇಕಾಯಿತು. ಯಾವುದನ್ನು ಬಿಡುವುದು? ಸುತ್ತಿಗೆ ಬಿಟ್ಟರೆ ಗೂಟ ವ್ಯರ್ಥ, ಗೂಟ ಬಿಟ್ಟರೆ ಸುತ್ತಿಗೆ ವ್ಯರ್ಥ. ಕೊನೆಗೆ ಹೆಂಡತಿ ತಂದಿಟ್ಟ ಪುಳಿಯೋಗರೆಯ ಸ್ಟೀಲ್ ಡಬ್ಬಿಯನ್ನು ಬೇಡವೆಂದೆ. ಡೇರೆಯ ಚೀಲ ಎರಡು ಅಡಿ ಉದ್ದ, ಪಕ್ಕದ ಚೀಲದೊಳಗೆ ಹೇಗಿಟ್ಟರೂ ಮೂತಿ ಹೊರಗೆ ಹಾಕುತ್ತಿತ್ತು. ಅದನ್ನು ಬಿಚ್ಚಿ, ಬಟ್ಟೆಯನ್ನಷ್ಟೇ ದಿಂಬಿನಂತೆ ಒತ್ತಿ ತುರುಕಿದೆ. ಜಾಗವೋ ಜಾಗ! ಉಳಿದ ಚಿಲ್ಲರೆ ಸಾಮಾನನ್ನು ಬೆಳಿಗ್ಗೆ ಹೊರಗಡೆ ಕಟ್ಟಿಕೊಂಡರಾಯಿತು ಎಂದುಕೊಂಡು, ನನ್ನ ಜಾಣತನಕ್ಕೆ ನಾನೇ ತಲೆದೂಗಿ ದೀಪ ಆರಿಸಿದೆ.

ಬೆಳಗಿನ ಐದು ಗಂಟೆಗೆ ಭಾವಮೈದ ಬಂದ. 100 ಸಿಸಿಯ ಬೈಕು. ಹಿಂದಿನ ಸೀಟಿನ ಮೇಲೆ ಜವಳಿ ಅಂಗಡಿಯ ಒಂದು ಚೀಲ, ಸುತ್ತಿದ ಒಂದು ಕಂಬಳಿ, ಎರಡನ್ನೂ ಸೈಕಲ್ ಟ್ಯೂಬಿನಿಂದ ಬಿಗಿದಿದ್ದ. ಅಷ್ಟೇ. "ಉಳಿದದ್ದು?" ಎಂದೆ. "ಯಾವ ಉಳಿದದ್ದು, ಭಾವ?" ಎಂದ. ಅವನ ಅಕ್ಕ ಒಳಗಿನಿಂದ ಪುಳಿಯೋಗರೆ ಡಬ್ಬಿ ತಂದು ಸದ್ದಿಲ್ಲದೆ ಅವನ ಚೀಲಕ್ಕೆ ಸೇರಿಸಿದಳು.

ನನ್ನ ಬೈಕಿನ ಎರಡು ಪಕ್ಕದಲ್ಲೂ ಒಂದೊಂದು ಚೀಲ, ಹಿಂದಿನ ಸೀಟಿನ ಮೇಲೆ ಎದೆಮಟ್ಟಕ್ಕೆ ಇನ್ನೊಂದು. ಕಟ್ಟುವುದೆಲ್ಲ ಮುಗಿದ ಮೇಲೆ ಹೊಳೆಯಿತು: ಹತ್ತುವುದು ಹೇಗೆ? ಎಂದಿನಂತೆ ಕಾಲನ್ನು ಹಿಂದಿನಿಂದ ತಿರುಗಿಸಿ ಹಾಕಿದೆ. ಬೂಟು ಚೀಲದ ನೆತ್ತಿಗೆ ಸಿಕ್ಕಿಕೊಂಡಿತು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಸಾಮಾನಿನ ಶಿಖರದ ಮೇಲೆ, ಕೈಗಳೆರಡೂ ಹ್ಯಾಂಡಲಿನಲ್ಲಿ. ಹಾಲಿನ ಹುಡುಗ ಸೈಕಲ್ ನಿಲ್ಲಿಸಿ ನೋಡಿದ. ಬೈಕು ಸ್ವಲ್ಪ ಯೋಚಿಸಿ, ಸೈಡ್ ಸ್ಟ್ಯಾಂಡಿನ ಎದುರು ದಿಕ್ಕಿಗೆ ನಿಧಾನವಾಗಿ ವಾಲಿತು. ಹಾಲಿನ ಹುಡುಗ, ಭಾವಮೈದ, ನಾನು, ಮೂವರೂ ಸೇರಿ ಎತ್ತಿದೆವು. ಎರಡನೆಯ ಸಲ ಕಾಲನ್ನು ಮುಂದಿನಿಂದ, ಟ್ಯಾಂಕಿನ ಮೇಲಿನಿಂದ, ಹಳೆಯ ಕಾಲದ ಹೆಂಗಸರ ಸೈಕಲ್ ಹತ್ತುವವರಂತೆ ನುಗ್ಗಿಸಿ ಕೂತೆ. ಈ ಗಡಿಬಿಡಿಯಲ್ಲಿ ಹೊರಗೆ ಕಟ್ಟಬೇಕಿದ್ದ ಸಾಮಾನಿನ ನೆನಪು ಎಲ್ಲೋ ಬಿದ್ದುಹೋಯಿತು.

ಹೊರಟ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಹಿಂದೆ ಭಾರ ಕೂತಷ್ಟೂ ಮುಂದಿನ ಮೂತಿ ಮೇಲೇಳುತ್ತದೆ. ನನ್ನ ಹೆಡ್‌ಲೈಟು ರಸ್ತೆಯನ್ನು ಬಿಟ್ಟು ಬೀದಿಯ ಮೂರನೆಯ ಮಹಡಿಗಳನ್ನು ಬೆಳಗುತ್ತಾ ಸಾಗಿತು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಗುಂಡಿಗಳು ಮಾತ್ರ ಕತ್ತಲಲ್ಲೇ ಇದ್ದವು. ಅವನ್ನು ಲೆಕ್ಕ ಹಾಕಿಕೊಂಡು ಹೋದದ್ದು ನನ್ನ ಬೆನ್ನುಮೂಳೆ.

ದಾರಿಯಲ್ಲೊಂದು ಟೋಲ್. ದ್ವಿಚಕ್ರದವರಿಗೆ ಸುಂಕವಿಲ್ಲ, ಎಡತುದಿಯಲ್ಲಿ ಸಣ್ಣದೊಂದು ಓಣಿ ಬಿಟ್ಟಿರುತ್ತಾರೆ. ಭಾವಮೈದ ಮೀನಿನಂತೆ ನುಸುಳಿ ಹೋದ. ನಾನು ಅರ್ಧ ಹೋದೆ. ಎಡಗಡೆಯ ಚೀಲ ಕಾಂಕ್ರೀಟ್ ದಿಮ್ಮಿಗೆ, ಬಲಗಡೆಯದು ಕಬ್ಬಿಣದ ಕಂಬಿಗೆ ಕಚ್ಚಿಕೊಂಡು, ಬಾಟಲಿಗೆ ಬಿರಡೆ ಹಾಕಿದಂತೆ ನಿಂತೆ. ಆ ಬೈಕಿಗೆ ರಿವರ್ಸ್ ಗೇರ್ ಇಲ್ಲ. ಹಿಂದೆ ಹತ್ತು ಸ್ಕೂಟರುಗಳು ಹಾರನ್ ಹೊಡೆಯತೊಡಗಿದವು. ಅಲ್ಲಿನ ಸಿಬ್ಬಂದಿಯೊಬ್ಬರು ಬಂದು, ಸಾವಧಾನವಾಗಿ ನೋಡಿ, "ಇದನ್ನು ಲಾರಿಯ ಸಾಲಿನಲ್ಲಿ ತರಬೇಕಿತ್ತು" ಎಂದು ಹೇಳಿ, ನಾಲ್ಕು ಜನರನ್ನು ಕರೆದು ನನ್ನನ್ನು ಹಿಂದಕ್ಕೆ ಎಳೆಸಿದರು.

ಹಾಸನ ದಾಟಿ ಬೇಲೂರಿನ ದಾರಿ ಹಿಡಿದ ಮೇಲೆ ಹಿಂದಿನ ಚಕ್ರ ಓಲಾಡತೊಡಗಿತು. ಪಂಕ್ಚರ್. ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯಾಯಿತು. ಇಷ್ಟು ಹಣ ಸುರಿದು ತಂದದ್ದರಲ್ಲಿ ಒಂದಾದರೂ ಉಪಯೋಗಕ್ಕೆ ಬಂತಲ್ಲ! ಕಿಟ್ಟು ಇದ್ದದ್ದು ಎಡಚೀಲದ ತಳದಲ್ಲಿ. ಅದರ ಮೇಲೆ ಒಲೆ, ಒಲೆಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಡೇರೆ. ದಾರಿಯಲ್ಲಿ ಬೇಕಾಗುವ ರಿಪೇರಿ ಸಾಮಾನು, ಮಳೆಯಂಗಿ ಇವೆರಡು ಯಾವಾಗಲೂ ಮೇಲಿರಬೇಕು, ಭಾರದ್ದೆಲ್ಲ ತಳದಲ್ಲಿ, ಸವಾರನ ಬೆನ್ನಿಗೆ ಹತ್ತಿರವಾಗಿ ಇರಬೇಕು ಎಂದು ಆಮೇಲೆ ಪಂಕ್ಚರ್ ಅಂಗಡಿಯ ಹುಡುಗ ಹೇಳಿಕೊಟ್ಟ. ಅವನು ಲಡಾಖಿಗೆ ಹೋದವನಲ್ಲ, ಬೇಲೂರಿನ ಆಚೆಗೂ ಅಷ್ಟಾಗಿ ಹೋದವನಲ್ಲ.

ಅರ್ಧ ಕಿಲೋಮೀಟರ್ ತಳ್ಳಿದ ಮೇಲೆ ಅವನ ಅಂಗಡಿ ಸಿಕ್ಕಿತ್ತು. ನಾನು ಗತ್ತಿನಿಂದ ಕಿಟ್ಟು ಬಿಚ್ಚಿದೆ. ಅವನು ಅದರೊಳಗಿನ ರಬ್ಬರಿನ ಕಂದು ಬತ್ತಿಗಳನ್ನು ಕೈಯಲ್ಲಿ ಹಿಡಿದು, "ಸಾರ್, ಇದು ಟ್ಯೂಬ್‌ಲೆಸ್ ಟೈರಿಗೆ. ನಿಮ್ಮದು ಸ್ಪೋಕ್ ಚಕ್ರ, ಒಳಗೆ ಟ್ಯೂಬ್ ಇದೆ. ಇದನ್ನು ಚುಚ್ಚಿದರೆ ಇರುವ ತೂತು ದೊಡ್ಡದಾಗುತ್ತದೆ" ಎಂದ. ನಾಲ್ಕು ವರ್ಷದಿಂದ ಓಡಿಸುತ್ತಿರುವ ಬೈಕಿನ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ತಿಳಿದದ್ದು ಅಂದು.

ಚಕ್ರ ಬಿಚ್ಚಬೇಕೆಂದರೆ ಸಾಮಾನು ಇಳಿಸಬೇಕು. ಇಳಿಸಿದೆವು. ರಸ್ತೆಯಂಚಿನ ಹುಲ್ಲಿನ ಮೇಲೆ ಕುರ್ಚಿ, ಒಲೆ, ತವಾ, ಸುತ್ತಿಗೆ, ಗೂಟಗಳ ಕಟ್ಟು, ಟಾರ್ಚುಗಳು ಸಾಲಾಗಿ ಕೂತವು. ಹುಡುಗ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ನಾನು ಎದುರಿನ ನಲ್ಲಿಯಲ್ಲಿ ಕೈಗೆ ಮೆತ್ತಿದ ಗ್ರೀಸು ತೊಳೆಯಲು ಹೋದೆ. ಮರಳಿ ಬರುವಾಗ ಮೊಪೆಡ್ ಮೇಲೆ ಬಂದ ಗಂಡಹೆಂಡಿರು ಹೊರಟುಹೋಗುತ್ತಿದ್ದರು. ಹಿಂದೆ ಕೂತಿದ್ದ ಆ ತಾಯಿಯ ಕೈಯಲ್ಲಿ ನನ್ನ ತವಾ ಫಳಫಳ ಹೊಳೆಯುತ್ತಿತ್ತು.

"ಏನಯ್ಯ ಇದು?"

"ಎಷ್ಟು ಎಂದು ಕೇಳಿದರು, ಭಾವ. 80 ಎಂದೆ. 50ಕ್ಕೆ ಕೇಳಿದರು. ಕೊನೆಗೆ 60ಕ್ಕೆ ಒಪ್ಪಿಸಿದೆ. ಕುರ್ಚಿಗೂ ಗಿರಾಕಿ ಬಂದಿತ್ತು, ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ."

ಆ ತವಾಕ್ಕೆ ನಾನು ಕೊಟ್ಟದ್ದು 650 ರೂಪಾಯಿ. ಅವನಿಗೆ ಹೇಳಲಿಲ್ಲ. ಬಂದ 60 ರೂಪಾಯಿಗೆ ಇನ್ನಷ್ಟು ಸೇರಿಸಿ ಪಂಕ್ಚರಿನ ದುಡ್ಡು ಕೊಟ್ಟೆವು. ಹುಡುಗ ಕೇಳದೆಯೇ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಎರಡು ಹಲ್ಲು ಬಿಗಿ ಮಾಡಿಕೊಟ್ಟ. ಹೆಡ್‌ಲೈಟು ಆಕಾಶದಿಂದ ಭೂಮಿಗೆ ಇಳಿಯಿತು.

ಮೂಡಿಗೆರೆ ಬಿಟ್ಟು ತೋಟ ಮುಟ್ಟುವಾಗ ಕತ್ತಲು. ಗೇಟಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಕಾಯುತ್ತಿದ್ದರು. ವೀಳ್ಯ ಮೆಲ್ಲುತ್ತಾ ನನ್ನ ಬೈಕಿಗೆ ಒಂದು ಸುತ್ತು ಬಂದು, "ಎಷ್ಟು ತಿಂಗಳು ಇರುತ್ತೀರಿ?" ಎಂದು ವಿಚಾರಿಸಿದರು. ಹಳ್ಳದ ಪಕ್ಕ, ಸಿಲ್ವರ್ ಮರಗಳ ಕೆಳಗೆ ಡೇರೆ ಹಾಕಬೇಕೆಂಬುದು ನನ್ನ ಆಸೆ. ಜಾಗ ನೋಡಲು ಹತ್ತು ಹೆಜ್ಜೆ ಇಳಿದು ಬರುವಷ್ಟರಲ್ಲಿ ಎರಡು ಕಾಲಿಗೂ ಸೇರಿ ಆರು ಉಂಬಳ ಹತ್ತಿದ್ದವು. ಕಾಲುಚೀಲ ಹುಡುಕಿದೆ, ಸಿಗಲಿಲ್ಲ. ರೈಟರು ತಮ್ಮ ಎಲೆಅಡಿಕೆಯ ಡಬ್ಬಿಯಿಂದ ಬೆರಳತುದಿಯಲ್ಲಿ ಸುಣ್ಣ ತೆಗೆದು ಒಂದೊಂದಕ್ಕೂ ಮುಟ್ಟಿಸಿದರು. ಪಟಪಟನೆ ಉದುರಿದವು.

"ಅಲ್ಲಿ ಬೇಡ. ಮೊನ್ನೆ ಆನೆ ಬಂದು ಹೋಗಿದೆ. ಕಣದಲ್ಲಿ ಮಲಗಿ" ಎಂದರು. ಆಮೇಲೆ ಚೀಲದಿಂದ ಇಣುಕುತ್ತಿದ್ದ ಬಟ್ಟೆಯ ಕಡೆ ನೋಡಿ, "ಕಿತ್ತಳೆ ಬಣ್ಣವೋ? ಅದಕ್ಕೆ ಹಣ್ಣು ಎಂದು ಅನ್ನಿಸದಿದ್ದರೆ ಸಾಕು" ಎಂದರು.

ಕಣ ಎಂದರೆ ಕಾಫಿ ಒಣಗಿಸುವ ಅಂಗಳ. ನುಣ್ಣನೆಯ ಸಿಮೆಂಟಿನ ನೆಲ. 12 ಗೂಟಗಳನ್ನೂ ಒಂದು ಸುತ್ತಿಗೆಯನ್ನೂ 250 ಕಿಲೋಮೀಟರಿಗೂ ಹೆಚ್ಚು ದೂರ ಹೊತ್ತು ತಂದವನು ಆ ಸಿಮೆಂಟನ್ನು ಕಾಲಿನಿಂದ ಒತ್ತಿ ನೋಡಿದೆ. ಹೋಗಲಿ, ಈ ಡೇರೆ ಗೂಟವಿಲ್ಲದೆಯೂ ನಿಲ್ಲುತ್ತದೆ. ಕಮಾನಿನಂತೆ ಬಾಗುವ ಎರಡು ಕೋಲುಗಳನ್ನು ಅಡ್ಡಡ್ಡ ತೂರಿಸಿದರೆ ಸಾಕು. ಬಟ್ಟೆ ಹರಡಿದೆ. ಕೋಲು?

ಮೂರು ಟಾರ್ಚುಗಳ ಬೆಳಕಿನಲ್ಲಿ ಮೂರು ಚೀಲಗಳನ್ನೂ ಕಣದ ತುಂಬ ಸುರಿದೆ. ದಿಕ್ಸೂಚಿ ಸಿಕ್ಕಿತು. ಮಳೆಯಂಗಿ ಸಿಕ್ಕಿತು. ಕೋಲು ಸಿಗಲಿಲ್ಲ. ಭಾವಮೈದ ಏನೂ ಹೇಳಲಿಲ್ಲ, ಅದೇ ಅವನ ದೊಡ್ಡ ಗುಣ. ರೈಟರಿಂದ ಒಂದು ಟಾರ್ಪಾಲು ಇಸಿದುಕೊಂಡು, ಗೋದಾಮಿನ ಗೋಡೆಗೆ ಒಂದು ಅಂಚು ಕಟ್ಟಿ, ಇನ್ನೊಂದು ಅಂಚಿಗೆ ಕಲ್ಲು ಹೇರಿ, ಐದು ನಿಮಿಷದಲ್ಲಿ ಸೂರು ಮಾಡಿದ. ಡೇರೆ ನೆಲಕ್ಕೆ ಹಾಸಿಗೆಯಾಯಿತು. ನಾನು ಗ್ಯಾಸ್ ಒಲೆ ಹೊತ್ತಿಸಲು ಹೋದರೆ ಒಲೆಯ ತಿರುಪು ಒಂದು ಅಳತೆ, ಡಬ್ಬಿಯ ಬಾಯಿ ಇನ್ನೊಂದು ಅಳತೆ. ಪುಳಿಯೋಗರೆ ಮಾತ್ರ ಅದ್ಭುತವಾಗಿತ್ತು. ಬೆಳಗಿನಿಂದ ಉಪ್ಪು ಹುಳಿ ಹಿಡಿದುಕೊಂಡ ಪುಳಿಯೋಗರೆಗೆ ಕಣದ ಇಬ್ಬನಿಯ ಚಳಿ ಸೇರಿದಾಗ ಬರುವ ರುಚಿ ಬಿಸಿಯಾಗಿ ಬಡಿಸಿದಾಗ ಬರುವುದಿಲ್ಲ. ಎರಡನೆಯ ಸಲ ಹಾಕಿಸಿಕೊಳ್ಳುವಾಗ ಭಾವಮೈದನ ಮುಖ ನೋಡಲಿಲ್ಲ.

ಇನ್ನು ಸ್ಲೀಪಿಂಗ್ ಬ್ಯಾಗ್. ಅಂದಿನ ಚಳಿ ಒಂದು ಕಂಬಳಿಗೆ ಸರಿಹೋಗುವಂಥದ್ದು, ಭಾವಮೈದ ಅದನ್ನು ಹೊದ್ದು ಆಗಲೇ ಗೊರಕೆ ಹೊಡೆಯುತ್ತಿದ್ದ. ನಾನು ಮೈನಸ್ 5ರ ಚೀಲದೊಳಗೆ ಇಡ್ಲಿಯಂತೆ ಬೇಯುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಮೂತ್ರಕ್ಕೆ ಅವಸರವಾಯಿತು. ಜಿಪ್ ಎಳೆದೆ. ಒಳಗಿನ ಬಟ್ಟೆ ಅದರ ಹಲ್ಲಿಗೆ ಸಿಕ್ಕಿ ಎದೆಯ ಹತ್ತಿರವೇ ನಿಂತುಬಿಟ್ಟಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಟಾರ್ಚುಗಳು ಮೂರೂ ಚೀಲದಲ್ಲಿ, ಚೀಲ ಗೋಡೆಯ ಬಳಿ. ಅವಸರ ಹೆಚ್ಚಾಯಿತು. ಬೇರೆ ದಾರಿ ಕಾಣದೆ ಎದ್ದು ನಿಂತು, ಶಾಲೆಯ ಕ್ರೀಡಾದಿನದ ಗೋಣಿಚೀಲದ ಓಟದಂತೆ ಕುಪ್ಪಳಿಸುತ್ತಾ ಕಣ ದಾಟತೊಡಗಿದೆ. ರೈಟರ ನಾಯಿಗೆ ಇಂಥ ಪ್ರಾಣಿಯ ಪರಿಚಯವಿರಲಿಲ್ಲ. ಅದು ಊಳಿಟ್ಟಿತು. ರೈಟರ ಮನೆಯ ದೀಪ ಹೊತ್ತಿತು. ಬ್ಯಾಟರಿ ಬೆಳಕು ನನ್ನ ಮೇಲೆ ಬಿತ್ತು.

"ಯಾರದು?"

"ನಾನೇ. ಸ್ವಲ್ಪ ಜಿಪ್ಪು..."

ರೈಟರು ಬಂದು, ವೀಳ್ಯದ ಡಬ್ಬಿಯಿಂದ ಈ ಬಾರಿ ಅಡಕತ್ತರಿ ತೆಗೆದು, ಬಟ್ಟೆಯನ್ನು ಒಂದಿಂಚು ಕತ್ತರಿಸಿ ನನ್ನನ್ನು ಬಿಡುಗಡೆ ಮಾಡಿದರು. ಆಮೇಲೆ ಮೊಗ ಆಚೆ ತಿರುಗಿಸಿ, ಆನೆಯ ಸದ್ದು ಕೇಳುವವರಂತೆ ದೂರ ನೋಡುತ್ತಾ ನಿಂತರು. ಸಭ್ಯರು.

ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ಕೂತೆವು. ತೋಟದಲ್ಲಿ ಸತ್ತಿದ್ದ ಮೊಬೈಲಿಗೆ ಇಲ್ಲಿ ಜೀವ ಬಂದು ಒಂದರ ಹಿಂದೊಂದು ಟಿಣ್ ಎಂದಿತು. ಹೆಂಡತಿ ಕಳಿಸಿದ ಫೋಟೊ. ನಡುಮನೆಯ ಮೂಲೆ, ಡೇರೆಯ ಕೋಲೊಂದನ್ನು ತುಂಡಿಗೆ ತುಂಡು ಜೋಡಿಸಿ ಉದ್ದ ಮಾಡಿದ್ದಳು. ಅದರ ತುದಿಗೆ ನನ್ನ ಉಂಬಳ ಕಾಲುಚೀಲಗಳಲ್ಲಿ ಒಂದನ್ನು ಸುತ್ತಿ ಕಟ್ಟಿದ್ದಳು. ಕಾಲುಚೀಲದ ತುಂಬ ಜೇಡರ ಬಲೆ.

ಕೆಳಗೆ ಬರೆದಿದ್ದಳು: "ಬಾಗಿಲ ಹಿಂದೆ ಇಟ್ಟಿದ್ದ ಕೋಲು ಬಹಳ ಚೆನ್ನಾಗಿದೆ. ಛಾವಣಿಯ ಮೂಲೆಗೂ ಬಾಗುತ್ತದೆ. ಹಬ್ಬಕ್ಕೆಂದು ತಂದಿದ್ದರೆ ಹೇಳಬಾರದಿತ್ತೇ? ಇನ್ನೊಂದು ಕೋಲಿಗೆ ಇನ್ನೊಂದು ಕಾಲುಚೀಲ ಕಟ್ಟಿ ಇಟ್ಟಿದ್ದೇನೆ. ಅಟ್ಟ ಹಾಗೆಯೇ ಇದೆ. ಎಷ್ಟು ಹೊತ್ತಿಗೆ ಬರುತ್ತೀರಿ?"

ನಾನು ಮಾಣಿಯನ್ನು ಕರೆದು ಇನ್ನೊಂದು ಪ್ಲೇಟು ನೀರುದೋಸೆ ಹೇಳಿದೆ.