ತಿನ್ನೋದಾ ಇದು?

ಮಳೆಗಾಲದಲ್ಲಿ ನಮ್ಮ ಚಿಕ್ಕಮಗಳೂರಲ್ಲಿ ಯಾರ ಮನೆ ಹಿತ್ತಲಲ್ಲಿ ಏನೇ ಎದ್ರೂ ಜನ ಕೇಳೋದು ಒಂದೇ ಪ್ರಶ್ನೆ, "ತಿನ್ನೋದಾ ಇದು?" ಹೆಸರೇನು ಅಂತ ಬೇಡ, ಚಂದ ಇದೆ ಅಂತ ಒಂದು ಮಾತು ಬೇಡ. ಹಾಲಿನ ಹುಡುಗ ಕೇಳ್ತಾನೆ, ಮೀಟರ್ ನೋಡೋಕೆ ಬಂದೋರು ಕೇಳ್ತಾರೆ, ಮೊನ್ನೆ ಕೊರಿಯರ್‌ನವನು ಓಟಿಪಿ ಕೇಳೋದು ಬಿಟ್ಟು ಇದನ್ನ ಕೇಳಿದ. ಆದ್ರೆ ಈ ವಿಷಯದಲ್ಲಿ ಪಿಎಚ್‌ಡಿ ಮಾಡಿರೋದು ನಮ್ಮ ಪಕ್ಕದ್ಮನೆ ಅಂಕಲ್. ಬ್ಯಾಂಕಲ್ಲಿದ್ದು ರಿಟೈರ್ ಆದೋರು, ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಕಾಂಪೌಂಡ್ ಮೇಲೆ ಮೊಣಕೈ ಊರಿ, ಸಾಲಕ್ಕೆ ಬಂದೋನ ಕಾಗದಪತ್ರ ನೋಡೋ ಥರ ನಮ್ಮ ಅಣಬೆ ನೋಡ್ತಾರೆ.

ಜೂನ್‌ನಲ್ಲಿ ಹುಲ್ಲಿನ ಮಧ್ಯೆ ತಿಂಡಿ ತಟ್ಟೆಯಷ್ಟಗಲದ ಬಿಳಿ ಅಣಬೆ ಎದ್ದಿತ್ತು. "ತಿನ್ನೋದಾ?" ಅಂದ್ರು. ಇಲ್ಲ ಅಂಕಲ್, ಕೊಡೆ ಅಡಿಯಲ್ಲಿ ಮಡಿಕೆ ಎಲ್ಲ ಹಸಿರಿಗೆ ತಿರುಗಿದೆ, ಇದನ್ನ ತಿಂದ್ರೆ ಒಂದೆರಡು ಗಂಟೆಲೇ ವಾಂತಿ ಭೇದಿ ಶುರುವಾಗತ್ತೆ ಅಂದೆ. "ಒಂದು ಬೆಳ್ಳಿ ಚಮಚ ಹಾಕಿ ಬೇಯ್ಸಿ ನೋಡಮ್ಮ, ಚಮಚ ಕಪ್ಪಾಗ್ಲಿಲ್ಲ ಅಂದ್ರೆ ತಿನ್ನಬಹುದು." ಈ ಬೆಳ್ಳಿ ಚಮಚದ ಕಥೆ ಯಾವ ಪುಣ್ಯಾತ್ಮ ಹಬ್ಬಿಸಿದ್ನೋ, ಪ್ರಾಣ ತೆಗೆಯೋ ಅಣಬೆ ವಿಷಕ್ಕೂ ಬೆಳ್ಳಿಗೂ ಸಂಬಂಧನೇ ಇಲ್ಲ ಕಣ್ರೀ, ಚಮಚ ಫಳಫಳ ಅಂತ ಇರತ್ತೆ, ಲಿವರ್ ಹೋಗಿರತ್ತೆ. ಆಮೇಲೆ ಬಾಳೆ ಬುಡದಲ್ಲಿ ಬಲೆ ಲಂಗ ಹಾಕ್ಕೊಂಡಿರೋ ಒಂದು ಎದ್ದಿತು, ಇಲಿ ಸತ್ತ ವಾಸನೆ, ಮೈತುಂಬ ನೊಣ. ಅದರ ಆಕಾರ ನಾನಿಲ್ಲಿ ಬರೆಯಲ್ಲ, ನಮ್ಮತ್ತೆ ಒಂದು ಸಲ ನೋಡಿದವರೇ "ರಾಮ ರಾಮ" ಅಂತ ಅದರ ಮೇಲೆ ಬಕೆಟ್ ಕವುಚಿ ಹಾಕಿದ್ರು. ಅಂಕಲ್ ಬಕೆಟ್ ಎತ್ತಿಸಿ ನೋಡಿದ್ರು. ಕೇಳಿದ್ರು ಕೂಡ.

ಇರ್ಲಿ, ನನ್ನ ಹೊಟ್ಟೆ ಉರಿದಿದ್ದು ಇದಕ್ಕಲ್ಲ. ಈ ವರ್ಷ ಗುಲಾಬಿ ಗಿಡಗಳ ಬುಡಕ್ಕೆಲ್ಲ ಎರಡು ಚೀಲ ಕಾಫಿ ಹೊಟ್ಟು ತರಿಸಿ ಹಾಕಿದ್ದೆ. ಆರಿದ್ರಾ ಮಳೆ ಹಿಡಿದ ನಾಲ್ಕನೇ ದಿನ ಬೆಳಿಗ್ಗೆ ನೋಡ್ತೀನಿ, ಹೊಟ್ಟಿನ ಮೇಲೆ ಹಳದಿ ಹಳದಿಯಾಗಿ ನೊರೆ ನೊರೆಯಾಗಿ ಅಂಗೈಯಗಲ ವಾಂತಿ. ಅಂಕಲ್ ಮನೆ ಬ್ರೌನಿದೇ ಕೆಲಸ, ಇನ್ಯಾರದ್ದು, ಗೇಟಿನ ಸಂದಿಯಲ್ಲಿ ನುಗ್ಗೋದು ಅದೊಂದೇ ನಾಯಿ. ಬೈಕೊಂಡು ಪೈಪ್ ಹಿಡಿದು ತೊಳೆದೆ. ಮಾರನೇ ದಿನ ಎರಡು ಕಡೆ. ಮತ್ತೆ ತೊಳೆದೆ. ಮೂರನೇ ದಿನ ಐದು ಕಡೆ! ಆವತ್ತು ನೈಟಿ ಮೇಲೆ ಸ್ವೆಟರ್ ಹಾಕ್ಕೊಂಡು ಕೊಡೆ ಹಿಡ್ಕೊಂಡು ಸೀದಾ ಹೋಗಿ ಅಂಕಲ್ ಬಾಗಿಲು ಬಡಿದೆ. ನಿಮ್ಮ ನಾಯಿಗೆ ವಾಂತಿ ಮಾಡೋಕೆ ನಿಮ್ಮನೆ ಅಂಗಳ ಸಾಲಲ್ವಾ ಅಂತ ಕೇಳೇಬಿಟ್ಟೆ. ಅಂಕಲ್ ಮುಖ ಸಣ್ಣ ಆಯ್ತು. ಪಾಪ, ನನಗಲ್ಲ ಅವರು ಹೆದರಿದ್ದು, ದಿನಕ್ಕೆ ಐದು ಸಲ ವಾಂತಿ ಆದ್ರೆ ನಾಯಿ ಉಳಿಯತ್ತಾ ಅಂತ. ಅದೇ ಮಳೇಲಿ ಆಟೋ ಮಾಡ್ಕೊಂಡು ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಜಂತುಹುಳದ ಮಾತ್ರೆ, ನಾಲ್ಕು ದಿನ ಬರೀ ಗಂಜಿ, ಹೊರಗೆ ಬಿಡೋ ಹಾಗಿಲ್ಲ. ಬ್ರೌನಿ ಕಿಟಕಿ ಸರಳಿಗೆ ಮೂತಿ ಒತ್ಕೊಂಡು ನನ್ನನ್ನೇ ನೋಡ್ತಿತ್ತು. ನಾನು ಬಟ್ಟೆ ಒಣಗಿಸೋಕೆ ಹೋದ್ರೂ ನೋಡೋದು, ಹೂ ಕೊಯ್ಯೋಕೆ ಹೋದ್ರೂ ನೋಡೋದು.

ನಾಯಿ ಒಳಗಿದೆ, ವಾಂತಿ ಹೊರಗಿದೆ. ಅದೂ ಎಲ್ಲಿ, ತುಳಸಿಕಟ್ಟೆ ಪಕ್ಕದ ಗೋಡೆ ಮೇಲೆ, ಮೊಣಕಾಲೆತ್ತರದಲ್ಲಿ! ನಾಯಿ ಗೋಡೆ ಮೇಲೆ ಹೆಂಗ್ರೀ ವಾಂತಿ ಮಾಡತ್ತೆ ಅಂದ್ರೆ ನಮ್ಮ ಮನೆಯವರು ಪೇಪರಿಂದ ಕಣ್ಣೆತ್ತದೆ "ಹಾರ್ಕೊಂಡು ಮಾಡಿರತ್ತೆ" ಅಂದ್ರು. ಕೊನೆಗೆ ಮಗಳು ಮೊಬೈಲಲ್ಲಿ ಫೋಟೋ ತೆಗೆದು ಹುಡುಕಿ ಬಿದ್ದೂ ಬಿದ್ದೂ ನಕ್ಕಳು. ಅದು ಫುಲಿಗೋ ಸೆಪ್ಟಿಕಾ ಅಂತ, ನಾಯಿಯದ್ದಲ್ಲ, ಸರಿಯಾಗಿ ಹೇಳಬೇಕಂದ್ರೆ ಅಣಬೆನೂ ಅಲ್ಲ, ಒಂಥರಾ ಲೋಳೆ ಜೀವಿ. ಕೊಳೆತ ಹೊಟ್ಟು ಎಲೆಗಳಲ್ಲಿರೋ ಬ್ಯಾಕ್ಟೀರಿಯಾ ತಿಂದ್ಕೊಂಡು ನಿಧಾನಕ್ಕೆ ತೆವಳತ್ತಂತೆ, ಬೀಜಕಣ ಬಿಡೋ ಹೊತ್ತಿಗೆ ಗಿಡ, ಗೋಡೆ ಏನು ಸಿಕ್ಕಿದ್ರೂ ಹತ್ತತ್ತಂತೆ. ಪೈಪಲ್ಲಿ ತೊಳೆದ್ರೆ ಇನ್ನಷ್ಟು ಹರಡತ್ತಂತೆ. ಅಂದ್ರೆ ಎರಡು ದಿನ ನೀರು ಬಿಟ್ಟು ಬಿತ್ತನೆ ಮಾಡಿದ್ದು ನಾನೇ. ಇಂಗ್ಲಿಷಲ್ಲಿ ಇದಕ್ಕೆ ಡಾಗ್ ವಾಮಿಟ್ ಸ್ಲೈಮ್ ಮೋಲ್ಡ್ ಅಂತಾನೇ ಹೆಸರಂತೆ, ಹಾಗಾಗಿ ನಂದು ಪೂರ್ತಿ ತಪ್ಪು ಅಂತ ನಾನು ಒಪ್ಪಲ್ಲ. ನಾವೇ ಅಣಬೆಗೆ ನಾಯಿಕೊಡೆ ಅಂತೀವಲ್ಲ, ಎಲ್ಲಾ ಭಾಷೆಯವರೂ ಸೇರಿ ಆ ಬಡಪಾಯಿ ನಾಯಿ ತಲೆಗೇ ಕಟ್ಟೋದು.

ಅಂಕಲ್ ಹತ್ರ ಹೋಗಿ ಸಾರಿ ಕೇಳ್ದೆ. ಅವರು ಬೇಜಾರೇ ಮಾಡ್ಕೊಳ್ಳದೆ ಅದನ್ನ ಬಗ್ಗಿ ನೋಡಿದ್ರು. ನೋಡಿ ಏನು ಕೇಳಿದ್ರು ಅಂತ ನಾನು ಬೇರೆ ಹೇಳಬೇಕಾ. ನಾನು ತಡೆಯೋಷ್ಟರಲ್ಲಿ ಮಗಳು ಹೇಳೇಬಿಟ್ಟಳು, ಮೆಕ್ಸಿಕೋದಲ್ಲಿ ಕೆಲವು ಕಡೆ ಮೊಟ್ಟೆ ಥರ ಹುರಿದು ತಿಂತಾರಂತೆ ಅಂತ. ಅಂಕಲ್ ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, "ಹುತ್ತದ ಅಣಬೆ ತಿಂದು ಎಷ್ಟು ವರ್ಷ ಆಯ್ತಮ್ಮ" ಅಂದ್ರು.

ಆ ಮಾತಿಗೆ ನನಗೂ ಕೊಪ್ಪದ ಅಜ್ಜಿ ನೆನಪಾದ್ಲು. ಗುಡುಗು ಬಂದ ಮಾರನೇ ಬೆಳಿಗ್ಗೆ ಕಂಬಳಿ ಕೊಪ್ಪೆ ಹಾಕ್ಕೊಂಡು ಒಬ್ಬಳೇ ಗುಡ್ಡಕ್ಕೆ ಹೋಗಿ ಬುಟ್ಟಿ ತುಂಬ ಅಣಬೆ ತರ್ತಿದ್ಲು, ಯಾವ ಹುತ್ತ ಅಂತ ಮಕ್ಕಳಿಗೂ ಹೇಳ್ತಿರಲಿಲ್ಲ. ಆ ಅಣಬೆ ಗೆದ್ದಲು ಸಾಕಿದ್ರೆ ಮಾತ್ರ ಏಳೋದು, ನಾವು ಎಷ್ಟು ಹೊಟ್ಟು ಹಾಕಿದ್ರೂ ಏಳಲ್ಲ. ಅಕ್ಕಿರೊಟ್ಟಿ ಜೊತೆ ಆ ಪಲ್ಯ... ಹೋಗ್ಲಿ ಬಿಡಿ.

ನಿನ್ನೆ ಬ್ರೌನಿಯ ಗಂಜಿ ಮುಗೀತು. ಇವತ್ತು ಬೆಳಿಗ್ಗೆ ಮೆಟ್ಟಿಲ ಹತ್ರ ಮತ್ತೆ ಹಳದಿ. ಈಗ ನಾನು ತಿಳಿದವಳಲ್ವಾ, ಕೊರಿಯರ್ ಹುಡುಗನನ್ನ ನಿಲ್ಲಿಸ್ಕೊಂಡು, ಇದು ನಾಯಿ ವಾಂತಿ ಥರ ಕಾಣತ್ತೆ ಅಷ್ಟೇ, ಇದೊಂದು ಜೀವಿ, ತೆವಳತ್ತೆ ಗೊತ್ತಾ ಅಂತ ವಿವರಿಸ್ತಾ, ಮಂಡಿಯೂರಿ, ಮೂಗು ಹತ್ರ ತಗೊಂಡು ಹೋಗಿ ಫೋಟೋ ತೆಗೀತಿದ್ದೆ. ಕಾಂಪೌಂಡ್ ಮೇಲಿಂದ ಅಂಕಲ್ ಕೆಮ್ಮಿದ್ರು.

"ಅದೂ... ಪಥ್ಯ ಮುಗೀತು ಅಂತ ರಾತ್ರಿ ಬ್ರೌನಿಗೆ ಮೂರು ಮೊಟ್ಟೆ ಆಮ್ಲೆಟ್ ಹಾಕಿದ್ದೆ. ಇದು ತಿನ್ನೋದಲ್ಲಮ್ಮ, ತಿಂದಿದ್ದು."