ಕೊರಮೀನಿನ ತಲೆಯ ಮೇಲೆ ರುಬ್ಬುಗುಂಡು

"ಮೀನೂ ಇದೆ, ಮಸಾಲೆ ಅರೆಯೋ ಗುಂಡೂ ಮೇಲೇ ಇದೆ. ಇನ್ನೇನಣ್ಣಾ, ಮುದ್ದೆ ಒಂದೇ ಬಾಕಿ!"

ಕೋಲಾರದ ಕಡೆ ಹಾಲ್‌ನಲ್ಲಿ ಗಾಜಿನ ತೊಟ್ಟಿಯಿಟ್ಟು, ಅದರ ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿ, ಹಾವುತಲೆಯ ಕೊರಮೀನು ಸಾಕುವವರಿಗೆ ಈ ಮಾತು ತಪ್ಪಿದ್ದಲ್ಲ. ಹೇಳುವ ಪ್ರತಿಯೊಬ್ಬರೂ ಇದು ತಮಗೇ ಮೊದಲು ಹೊಳೆದದ್ದು ಎಂಬ ಖುಷಿಯಲ್ಲಿ ಹೇಳುತ್ತಾರೆ, ಹೇಳಿ ಗಾಜಿಗೆ ಎರಡು ಸಲ ಕುಟ್ಟುತ್ತಾರೆ. ಬಂದವರ ಮುಂದೆ ನಗುವುದು ಮರ್ಯಾದೆ, ನಗಬೇಕು. ಕೆರೆಯ ಮೀನನ್ನು ತಂದು ಟೀವಿ ಪಕ್ಕ ಇಟ್ಟುಕೊಳ್ಳುವ ಮನುಷ್ಯನ ಸ್ವಭಾವದ ಬಗ್ಗೆ ಒಂದು ದೊಡ್ಡ ಮಾತು ಹೇಳಬೇಕೆಂದೇ ಇದನ್ನು ಬರೆಯಲು ಕೂತದ್ದು. ಅದಕ್ಕೆ ಮೊದಲು ಆ ಗುಂಡಿನ ವಿಷಯ ಇತ್ಯರ್ಥವಾಗಲಿ.

ಗುಂಡು ಇರುವುದು ಮುಚ್ಚಳ ಏಳದಿರಲಿ ಎಂದು. ಒಂದೂವರೆ ಅಡಿಯ ಕೊರಮೀನು ನಿಂತಲ್ಲೇ ಬಾಲ ಬಡಿದು ನೆಗೆದರೆ ಅಂಗಡಿಯವರು ತೊಟ್ಟಿಯ ಜೊತೆ ಕೊಡುವ ಪ್ಲಾಸ್ಟಿಕ್ ಮುಚ್ಚಳ ಬಲ್ಬಿನ ಸಮೇತ ಹಾರುತ್ತದೆ. ತೆಳು ಗಾಜು ಹಾಕಿದರೆ ಸೀಳು ಬಿಡುತ್ತದೆ. ಪ್ಲೈವುಡ್ ಆವಿ ಕುಡಿದು ಹಪ್ಪಳದಂತೆ ಉಬ್ಬುತ್ತದೆ, ಅಕ್ರಿಲಿಕ್ ಶೀಟು ನಡುವೆ ಜಗ್ಗುತ್ತದೆ. ಕಬ್ಬಿಣದ ಜಾಲರಿ ತುಕ್ಕು ಹಿಡಿಯುವುದಲ್ಲದೆ ಮೀನಿನ ಮೂತಿ ತರಚುತ್ತದೆ, ತರಚಿದಲ್ಲಿ ಹತ್ತಿಯಂಥ ಬೂಷ್ಟು ಕೂರುತ್ತದೆ. ಬಾಳಿಕೆ ಬರುವುದು ಒಂದೇ: ಕಿಟಕಿಗೆ ಸೊಳ್ಳೆ ಜಾಲರಿ ಕೂರಿಸುವವರ ಹತ್ತಿರ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ, ಅದರೊಳಗೆ ಪಾಲಿಕಾರ್ಬೊನೇಟ್ ಶೀಟು ಹಾಕಿಸುವುದು. ಅದೂ ಎರಡು ತುಂಡಾಗಿ. ಹಿಂದಿನದು ಕದಲದಂತೆ, ಮುಂದಿನದು ಮೇವು ಹಾಕಲು ತೆರೆಯುವಂತೆ, ಚಿಲಕದ ಸಮೇತ. ಇಷ್ಟೆಲ್ಲ ಮಾಡಿಸಿದ ಜಾಣರು ಫಿಲ್ಟರ್ ಪೈಪು ಇಳಿಯುವ ಮೂಲೆಯಲ್ಲಿ ನಾಲ್ಕು ಬೆರಳಗಲ ಕಿಂಡಿ ಬಿಟ್ಟಿರುತ್ತಾರೆ. ತಲೆ ತೂರಿದ ಮೇಲೆ ಮೈ ತೂರುವುದು ಎಷ್ಟು ಹೊತ್ತು? ಪೈಪಿನ ಸುತ್ತ ಒರಟು ಸ್ಪಂಜು ಗಿಡಿಯಬೇಕು.

ಹಾಗೆಂದು ಬಿರಡೆ ಜಡಿದಂತೆ ಮುಚ್ಚುವಂತೆಯೂ ಇಲ್ಲ. ಈ ಮೀನಿಗೆ ಕಿವಿರೊಂದೇ ಸಾಲದು, ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ನೀರನ್ನು ಮುಚ್ಚಳಕ್ಕೆ ತಾಗುವಷ್ಟು ತುಂಬಿದರೆ ಮೀನು ನೀರಲ್ಲೇ ಮುಳುಗಿ ಸಾಯುತ್ತದೆ. ಗಾದೆ ಕಟ್ಟುವವರ ಕಣ್ಣಿಗೆ ಇದು ಹೇಗೆ ಬೀಳಲಿಲ್ಲವೋ! ನೀರಿಗೂ ಮುಚ್ಚಳಕ್ಕೂ ನಡುವೆ ಆರು ಇಂಚು ಗಾಳಿ ಇರಬೇಕು, ಆ ಗಾಳಿ ಆಡಲು ಸಣ್ಣ ತೂತುಗಳಿರಬೇಕು. ಆದರೆ ಆರು ಇಂಚು ಜಾಗ ಕೊಟ್ಟರೆ ನೆಗೆತಕ್ಕೆ ರಭಸ ಸಿಗುತ್ತದೆ. ಆದ್ದರಿಂದಲೇ ಗುಂಡು.

ಅದು ನೆಗೆಯುವುದಕ್ಕೂ ಒಂದು ಲೆಕ್ಕವಿದೆ. ತಂದ ಮೊದಲ ವಾರ, ಮಳೆ ಹುಯ್ಯುವ ರಾತ್ರಿ, ಮತ್ತು ನೀರು ಬದಲಿಸಿದ ರಾತ್ರಿ. 2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ವರ್ಷಗಳ ಮೇಲೆ ಕೋಡಿ ಹರಿದದ್ದು ನೆನಪಿದೆಯಲ್ಲ? ಕೋಡಿ ಹರಿದರೆ ಊರಿಗೆ ಊರೇ ಸೀರೆ, ಸೊಳ್ಳೆಪರದೆ ಹಿಡಿದು ಅಲ್ಲಿರುತ್ತದೆ; ಮೀನು ಹರಿವಿಗೆ ಎದುರಾಗಿ ನೆಗೆಯುತ್ತಿರುತ್ತದೆ. ಕೊರಮೀನಂತೂ ಒದ್ದೆ ಹುಲ್ಲಿನ ಮೇಲೆ ತೆವಳಿಯಾದರೂ ಪಕ್ಕದ ಹೊಂಡ ಸೇರುತ್ತದೆ. ನಾವು ಭಾನುವಾರ ಪೈಪು ಬಿಟ್ಟು ಹೊಸ ನೀರು ತುಂಬಿದರೆ ಅದರ ಪಾಲಿಗೆ ಕೋಡಿ ಹರಿದಂತೆಯೇ. ಬೆಳಗ್ಗೆ ಎದ್ದಾಗ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇರುತ್ತದೆ, ಮೈಗೆಲ್ಲ ಕಸ ಮೆತ್ತಿಕೊಂಡು.

ಆಗ ಗಾಬರಿಯಲ್ಲಿ ನಲ್ಲಿ ಕೆಳಗೆ ಹಿಡಿದು ತಿಕ್ಕಬಾರದು. ಚರ್ಮದ ತೇವ ಆರಿರದಿದ್ದರೆ ಗಂಟೆಗಟ್ಟಲೆ ಬದುಕಿರುತ್ತದೆ. ಒದ್ದೆ ಬಟ್ಟೆಯಲ್ಲಿ ಎತ್ತಿ, ತೊಟ್ಟಿಯದೇ ನೀರಲ್ಲಿ ಕಸ ಬಿಡಿಸಿ, ಒಳಗೆ ಬಿಟ್ಟು ಲೈಟು ಆರಿಸಿ. ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು, ಬಕೆಟ್ಟಿನಲ್ಲಿ ಕರಗಿಸಿ ಹಾಕಿ. ಎರಡು ದಿನ ಮೇವು ಬೇಡ.

ತೊಟ್ಟಿಯ ಅಳತೆಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಎಂದು ಹೇಳಿ ಎರಡು ಅಡಿ ಪೆಟ್ಟಿಗೆ ಮಾರುವವರನ್ನು ಆ ಪೆಟ್ಟಿಗೆಯಲ್ಲೇ ಒಂದು ವಾರ ಕೂರಿಸಬೇಕು. ಕೆರೆಯಂಚಿನಿಂದ ಗೋರಿ ತಂದ ಆ ಕೆಂಪು ಮರಿ ವರ್ಷದೊಳಗೆ ಅಡಿ ದಾಟಬಹುದು, ದಾಟುವ ಹೊತ್ತಿಗೆ ಒಡಹುಟ್ಟಿದವನ್ನು ನುಂಗಿಯೂ ಇರುತ್ತದೆ. ಒಂದೇ ಮೀನಿಗೆ ಆರು ಅಡಿ ಉದ್ದ, ಎರಡೂವರೆ ಅಗಲ, ಎರಡೂವರೆ ಎತ್ತರ ಬೇಕು. ಎರಡು ಅಡಿ ನೀರು ನಿಲ್ಲಿಸಿದರೆ 850 ಲೀಟರ್. 12 ಎಂಎಂ ಗಾಜು, ಸ್ಟ್ಯಾಂಡು ಸೇರಿ ಟನ್ ದಾಟುತ್ತದೆ. ಮನೆಯ ಮಹಡಿಗೆ ಎಂಜಿನಿಯರು ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಇದು ಅದರ ಮೂರು ಪಟ್ಟಿಗೂ ಹೆಚ್ಚು. ನೆಲಮಹಡಿಯೇ ಕ್ಷೇಮ.

ನೀರಿನ ಕಷ್ಟ ಈ ಸೀಮೆಯವರಿಗೆ ಹೇಳಿಕೊಡಬೇಕೆ? ಸಾವಿರ ಅಡಿ ಬೋರ್‌ವೆಲ್‌ನ ನೀರು ನೇರ ಬಿಡಬೇಡಿ. ಡ್ರಮ್ಮಿನಲ್ಲಿ ಒಂದು ರಾತ್ರಿ ಏರ್‌ಪಂಪು ಓಡಲಿ. ಗಡಸು, ಕ್ಷಾರದ ನೀರಿನಲ್ಲಿ ಮೀನಿನ ಹೊಲಸಿನಿಂದ ಬರುವ ಅದೇ ಅಮೋನಿಯಾ ಹೆಚ್ಚು ವಿಷ, ಆದ್ದರಿಂದ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆದು ಫಿಲ್ಟರ್ ಹಣ್ಣಾಗಲು ಆರು ವಾರ ಬಿಟ್ಟೇ ಮೀನು ತರಬೇಕು. ವಾರಕ್ಕೆ ಕಾಲುಭಾಗ ಬದಲಿಸಿದರೆ ಸುಮಾರು 200 ಲೀಟರ್, ಅಂದರೆ ಕುಡಿಯುವ ನೀರಿನ ಹತ್ತು ಕ್ಯಾನು. ಮನೆಯವರು ಈ ಲೆಕ್ಕ ಹಾಕುವ ಮೊದಲೇ ಹಳೆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿಬಿಡಿ. ಗಿಡ ಚಿಗುರಿದರೆ ಅರ್ಧ ಜಗಳ ಕಡಿಮೆ.

ಮೇವಿಗೆ ಸಿಪ್ಪೆ ಬಿಡಿಸಿದ ಸಿಗಡಿ, ಮೀನಿನ ತುಂಡು, ತೇಲುವ ಗುಳಿಗೆ. ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ನೆಂಟರಿಗೆ ತೋರಿಸಲೆಂದು ಜೀವಂತ ಗೋಲ್ಡ್‌ಫಿಶ್ ಬಿಡುವವರಿದ್ದಾರೆ. ಅದನ್ನೇ ತಿನ್ನಿಸುತ್ತಾ ಹೋದರೆ ಬಿ1 ಜೀವಸತ್ವ ಕರಗಿ ಮೀನು ಸೊರಗುತ್ತದೆ, ಜೊತೆಗೆ ಬಂದ ರೋಗ ಬೇರೆ. ತಮಾಷೆ ಬೇಕಿದ್ದರೆ ನೆಂಟರು ಸರ್ಕಸ್ಸಿಗೆ ಹೋಗಲಿ.

ಮನುಷ್ಯನ ಸ್ವಭಾವದ ಬಗ್ಗೆ ಹೇಳುತ್ತೇನೆ ಎಂದಿದ್ದೆನಲ್ಲ. ಇವತ್ತು ಭಾನುವಾರ, ಹೊಸ ನೀರು ತುಂಬಿಯಾಗಿದೆ, ಹೊರಗೆ ಮೋಡವೂ ಕಟ್ಟಿದೆ. ಗುಂಡನ್ನು ಯಾರೋ ಬಾಗಿಲಿಗೆ ಆನಿಸಿ ಇಟ್ಟಿದ್ದಾರೆ.