ಮಗು ಹೇಳಿದ್ದು ಯಾರ ಕಿವಿಗೆ ಬಿದ್ದರೂ ಶಾಲೆಗೆ ತಿಳಿದಂತೆ

ಅಮೆರಿಕದ ಒಂದು ಸರ್ಕಾರಿ ಶಾಲೆಯಲ್ಲಿ ಹುಡುಗಿಯೊಬ್ಬಳು ತನಗಾಗುತ್ತಿರುವ ಲೈಂಗಿಕ ಕಿರುಕುಳವನ್ನು ಊಟ ಬಡಿಸುವ ನೌಕರರ ಹತ್ತಿರ ಹೇಳಿಕೊಂಡಳು ಎನ್ನೋಣ. ಆ ಗಳಿಗೆಯಿಂದಲೇ ಕಾನೂನಿನ ಲೆಕ್ಕದಲ್ಲಿ ವಿಷಯ ಇಡೀ ಆಡಳಿತಕ್ಕೆ ತಿಳಿದಂತೆ. ಹೆಡ್ ಮಾಸ್ತರಿಗೆ ಗೊತ್ತಿರಲಿಲ್ಲ, ಲಿಖಿತ ದೂರು ಬಂದಿರಲಿಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಶಿಕ್ಷಣದಲ್ಲಿ ಲಿಂಗಭೇದ ತಡೆಯುವ, ಟೈಟಲ್ ನೈನ್ ಎಂದು ಕರೆಯುವ 1972ರ ಕಾನೂನಿನಡಿ 2020ರಲ್ಲಿ ಮಾಡಿದ ನಿಯಮಗಳು ಹನ್ನೆರಡನೇ ತರಗತಿವರೆಗಿನ ಶಾಲೆಗಳಿಗೆ ಹಾಗೆ ಕಟ್ಟು ಹಾಕಿವೆ.

ಇದೇ ಮಾತು ಕೊಡಗಿನ ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರ ಕಿವಿಗೆ ಬಿದ್ದರೆ ನಮ್ಮ ಕಾನೂನು ಇನ್ನೂ ಬಿಗಿ. ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇಷ್ಟು ನಮ್ಮ ಶಿಕ್ಷಕರಿಗೆ ಗೊತ್ತಿದೆ, ಮಕ್ಕಳ ಸಹಾಯವಾಣಿ 1098 ಸಂಖ್ಯೆಯೂ ಗೋಡೆಗಳ ಮೇಲಿದೆ.

ಆದರೆ ಅದೇ ಅಡುಗೆಯವರು ಬೇರೊಂದನ್ನು ಕಂಡರು ಎನ್ನಿ. ಆದಿವಾಸಿಗಳಾದ ಯರವರ ಮಕ್ಕಳನ್ನು ಯಾವಾಗಲೂ ಕೊನೆಯ ಪಂಕ್ತಿಯಲ್ಲಿ ಕೂರಿಸುತ್ತಿದ್ದಾರೆ. ಜೇನುಕುರುಬರ ಹುಡುಗನಿಗೆ ಜಾತಿಯ ಹೆಸರೇ ಹೆಸರಾಗಿದೆ. ಶೌಚಾಲಯ ತೊಳೆಯುವ ಸರದಿ ಹಾಡಿಯ, ಅಂದರೆ ಆದಿವಾಸಿ ಕೇರಿಯ, ಮಕ್ಕಳಿಗೆ ಮಾತ್ರ ಬರುತ್ತಿದೆ. ಇದನ್ನು ಅವರು ಯಾರಿಗೆ ಹೇಳಬೇಕು? ಕೇಳಿಸಿಕೊಂಡವರು ಎಲ್ಲಿ ಬರೆದಿಡಬೇಕು? ಎಷ್ಟು ದಿನದಲ್ಲಿ ಉತ್ತರ ಕೊಡಬೇಕು? ಲೈಂಗಿಕ ಅಪರಾಧಕ್ಕೆ ನಾವು ಹಾಕಿಕೊಂಡಿರುವ ಈ ಶಿಸ್ತನ್ನು ತಾರತಮ್ಯಕ್ಕೂ ಹಾಕಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಹೊಣೆ ಹೊತ್ತ ಒಬ್ಬರ ಹೆಸರು, ಒಂದು ಪುಸ್ತಕ, ಒಂದು ಗಡುವು ಬೇಕು.

ಅಮೆರಿಕದಲ್ಲಿ ಈ ವ್ಯವಸ್ಥೆ ನಿಂತಿರುವುದು ಹಣದ ಷರತ್ತಿನ ಮೇಲೆ. ಕೇಂದ್ರದ ಅನುದಾನ ಪಡೆಯುವ ಶಾಲೆ ಜನಾಂಗ, ಬಣ್ಣ, ಮೂಲದೇಶದ ಆಧಾರದ ಮೇಲೆ ಭೇದ ಮಾಡಕೂಡದು ಎಂದಿತು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗ. 1972ರಲ್ಲಿ ಲಿಂಗ, 1973ರ ಸೆಕ್ಷನ್ 504ರಲ್ಲಿ ಅಂಗವೈಕಲ್ಯ ಸೇರಿದವು. ಹದಿನೈದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ 504ಕ್ಕೆ ಒಬ್ಬ ಸಂಯೋಜಕರನ್ನು ನೇಮಿಸಬೇಕು. ಟೈಟಲ್ ನೈನ್‌ಗೂ ಸಂಯೋಜಕರು ಇರಲೇಬೇಕು, ಅವರನ್ನು ಸಂಪರ್ಕಿಸುವ ಬಗೆಯನ್ನು ಪ್ರಕಟಿಸಲೇಬೇಕು. ಶಾಲೆ ಸ್ಪಂದಿಸದಿದ್ದರೆ ಘಟನೆ ನಡೆದ 180 ದಿನದೊಳಗೆ ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕು ಕಚೇರಿಗೆ ದೂರಬಹುದು, ವಕೀಲರು ಬೇಕಿಲ್ಲ. ಮಕ್ಕಳು ಮಕ್ಕಳನ್ನೇ ಪೀಡಿಸಿದಾಗಲೂ ಗೊತ್ತಿದ್ದು ಕೈಕಟ್ಟಿ ಕೂತ ಶಾಲೆ ಪರಿಹಾರ ಕೊಡಬೇಕಾಗಬಹುದು ಎಂದು 1999ರಲ್ಲಿ ಡೇವಿಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಅಲ್ಲಿನದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಟೈಟಲ್ ನೈನ್‌ಗೆ 2024ರಲ್ಲಿ ತಂದ ಹೊಸ ನಿಯಮಗಳನ್ನು 2025ರ ಜನವರಿಯಲ್ಲಿ ಕೆಂಟಕಿಯ ಕೇಂದ್ರ ನ್ಯಾಯಾಲಯ ರದ್ದು ಮಾಡಿತು. ಸರ್ಕಾರ ಬದಲಾದಂತೆ ನಿಯಮ ಬದಲಾಗಿ ಸಿಬ್ಬಂದಿಗೆ ಯಾವುದು ಜಾರಿಯಲ್ಲಿದೆ ಎಂಬುದೇ ಗೊಂದಲ. ಅದೇ ವರ್ಷದ ಮಾರ್ಚ್‌ನಲ್ಲಿ ನಾಗರಿಕ ಹಕ್ಕು ಕಚೇರಿಯ ಹನ್ನೆರಡು ಪ್ರಾದೇಶಿಕ ಶಾಖೆಗಳಲ್ಲಿ ಏಳನ್ನು ಮುಚ್ಚುವ ತೀರ್ಮಾನವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂಬ 1977ರ ತೀರ್ಪು ಅಲ್ಲಿ ಇನ್ನೂ ಉಳಿದಿದೆ. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಹಲಗೆಯೇಟು ಕಾನೂನುಬದ್ಧ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಮೀರಿದವರ ಮೇಲೆ ಸೇವಾ ನಿಯಮದಡಿ ಶಿಸ್ತುಕ್ರಮ ಎಂದಿದೆ. ಕಾಡಾನೆ ದಾರಿಗೆ ನಿಂತಿದ್ದಕ್ಕೆ ತಡವಾಗಿ ಬಂದ ಮಾಲ್ದಾರೆಯ ಮಗುವನ್ನು ಎಲ್ಲರೆದುರು ಹೀಯಾಳಿಸಿ ಹೊರಗೆ ನಿಲ್ಲಿಸುವುದು ಈ ಕಲಂನ ವ್ಯಾಪ್ತಿಗೇ ಬರುತ್ತದೆ.

ಕೊಡಗಿನಲ್ಲಿ ತಾರತಮ್ಯ ಮೊದಲು ಕಾಣಿಸುವುದು ದಾಖಲಾತಿಯ ಮೇಜಿನ ಮುಂದೆ. ಅರೇಬಿಕಾ ಕೊಯ್ಲು ನವೆಂಬರಿನ ಹೊತ್ತಿಗೆ ಶುರು, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಆಗ ಹಾಡಿಗಳಿಂದ, ತಮಿಳುನಾಡಿನಿಂದ, ದೂರದ ಅಸ್ಸಾಮಿನಿಂದ ಕುಟುಂಬಗಳು ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಗೆ ಬಂದಿಳಿಯುತ್ತವೆ. ಶಾಲೆಗೆ ಹೋದರೆ ಟಿ.ಸಿ. ಎಲ್ಲಿ, ಆಧಾರ್ ಎಲ್ಲಿ, ಜನನ ಪ್ರಮಾಣಪತ್ರ ಎಲ್ಲಿ ಎಂಬ ಪ್ರಶ್ನೆ. ‘ಜೂನ್‌ನಲ್ಲಿ ಬನ್ನಿ’ ಎಂಬ ಉತ್ತರ. ಹೀಗೆ ಹೇಳುವ ಮುಖ್ಯ ಶಿಕ್ಷಕರಲ್ಲಿ ಬಹಳ ಮಂದಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಗಣಕದಲ್ಲಿ ಮಗುವಿನ ಸಂಖ್ಯೆ ಹೊಂದದಿದ್ದರೆ ಮೇಲಿನವರಿಗೆ ಏನು ಹೇಳುವುದು ಎಂಬ ಭಯವಿರುತ್ತದೆ. ಆದರೆ ಶಿಕ್ಷಣ ಹಕ್ಕು ಕಾಯ್ದೆ ಒಂದೊಂದಕ್ಕೂ ಉತ್ತರ ಬರೆದಿಟ್ಟಿದೆ. 5ನೇ ಕಲಂ: ಹಿಂದಿನ ಶಾಲೆಯ ಮುಖ್ಯಸ್ಥರು ಟಿ.ಸಿ.ಯನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ದಾಖಲಾತಿ ತಡೆಯಕೂಡದು, ತಡಮಾಡಿದವರ ಮೇಲೆ ಶಿಸ್ತುಕ್ರಮ. 14ನೇ ಕಲಂ: ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವಂತಿಲ್ಲ. ದಾದಿಯರ ನೋಂದಣಿ ಪುಸ್ತಕ, ಅಂಗನವಾಡಿ ದಾಖಲೆ, ಕೊನೆಗೆ ಹೆತ್ತವರ ಘೋಷಣೆಯೂ ಸಾಕು. 15ನೇ ಕಲಂ: ಅವಧಿ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಬೇಕು. 4ನೇ ಕಲಂ: ಓದು ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ನಿಯಮಗಳ ಪ್ರಕಾರ ಅದು ಕನಿಷ್ಠ 3 ತಿಂಗಳು, ಹೆಚ್ಚೆಂದರೆ 2 ವರ್ಷ. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲವೆಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮೊದಲು ಮಗುವನ್ನು ಕೂರಿಸಿಕೊಂಡು, ಅದೇ ದಿನ ಹಿಂದಿನ ಶಾಲೆಗೆ ಟಿ.ಸಿ. ಕೋರಿ ಪತ್ರ ಬರೆದು, ಪ್ರತಿಯನ್ನು ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಕೊಟ್ಟರೆ ಮುಖ್ಯ ಶಿಕ್ಷಕರಿಗೂ ರಕ್ಷಣೆ.

ಅಸ್ಸಾಮಿನಿಂದ ಬಂದವರನ್ನು ಕಂಡರೆ ‘ಬಾಂಗ್ಲಾದವರಿರಬಹುದು’ ಎಂಬ ಸಂಶಯ ಕೊಡಗಿನಲ್ಲಿ ಈಚೆಗೆ ಬಲವಾಗಿದೆ. ಪೌರತ್ವದ ತನಿಖೆ ಶಿಕ್ಷಕರ ಕೆಲಸವೇ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ ಮಗು ಎಂದು ಕರೆಯುವುದು ಆರರಿಂದ ಹದಿನಾಲ್ಕು ವಯಸ್ಸಿನ ಹುಡುಗ ಅಥವಾ ಹುಡುಗಿಯನ್ನು, ಅಷ್ಟೇ. ಅಮೆರಿಕದಲ್ಲಿ ಟೆಕ್ಸಾಸ್ ರಾಜ್ಯ ದಾಖಲೆಯಿಲ್ಲದ ವಲಸಿಗರ ಮಕ್ಕಳಿಗೆ ಉಚಿತ ಶಾಲೆ ನಿರಾಕರಿಸಿದಾಗ 1982ರಲ್ಲಿ ಪ್ಲೈಲರ್ ತೀರ್ಪು ಅದನ್ನು ಹೊಡೆದುಹಾಕಿತು. ವಲಸೆಯ ಬಗ್ಗೆ ಅಲ್ಲಿ ಎಷ್ಟೇ ಜಗಳವಿದ್ದರೂ ಆ ತೀರ್ಪು ಇನ್ನೂ ನಿಂತಿದೆ.

ಎರಡನೆಯದು ಭಾಷೆ. 1974ರ ಲೌ ಪ್ರಕರಣದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಪರವಾಗಿ ಬಂದ ತೀರ್ಪಿನ ತಿರುಳು ಇಷ್ಟು: ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟುಬಿಟ್ಟರೆ ಸಮಾನತೆ ಆಗುವುದಿಲ್ಲ, ಪಾಠ ಅರ್ಥವಾಗದ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ಅಲ್ಲಿ ಸೇರಿಸುವಾಗಲೇ ಮನೆಯಲ್ಲಿ ಯಾವ ಮಾತು ಎಂದು ಕೇಳುತ್ತಾರೆ. ಮುಖ್ಯ ಸೂಚನೆಗಳನ್ನು ಹೆತ್ತವರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ಅನುವಾದಕ್ಕೆ ಮಕ್ಕಳನ್ನು ಬಳಸಬಾರದು ಎಂದು 2015ರ ಸರ್ಕಾರಿ ಮಾರ್ಗಸೂಚಿ ಹೇಳಿತ್ತು.

ಕೊಡಗಿನ ಒಂದನೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಜೇನುಕುರುಬರ ನುಡಿ, ಮಲಯಾಳಂ, ತುಳು ಎಲ್ಲ ಒಟ್ಟಿಗೆ ಕೂತಿರುತ್ತವೆ. ಕೇಳದೆ ಎಲ್ಲರ ಮುಂದೆಯೂ ‘ಮಾತೃಭಾಷೆ ಕನ್ನಡ’ ಎಂದು ತುಂಬಿದಲ್ಲೇ ತಪ್ಪು ಶುರುವಾಗುತ್ತದೆ. ಕನ್ನಡದ ಮೇಲಿನ ಅಭಿಮಾನಕ್ಕೆ ಇದು ವಿರುದ್ಧ ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ: ಮನೆಮಾತಿನ ಮೂಲಕ ಕನ್ನಡಕ್ಕೆ ಬಂದ ಮಗು ಕನ್ನಡದಲ್ಲಿ ಉಳಿಯುತ್ತದೆ, ಬೈಗುಳದ ಮೂಲಕ ಬಂದ ಮಗು ಐದನೇ ತರಗತಿಗೆ ಶಾಲೆ ಬಿಡುತ್ತದೆ. ಬೋಧನೆ ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಹೇಳುತ್ತದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರ ಸುಮಾರಿಗೆ. ಅದರ ಚಿತ್ರದ ಕಾರ್ಡುಗಳ ಹಿಂದೆ ಯರವ, ಜೇನುಕುರುಬ ಮಾತಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಲು ಹಾಡಿಯ ಓದಿದ ಯುವಕ ಯುವತಿಯರ ಒಂದು ಮಧ್ಯಾಹ್ನ ಸಾಕು. ಇನ್ನೊಂದು ಎಚ್ಚರ: ಉತ್ತರ ಕೊಡದ ಮಗುವನ್ನು ‘ನಿಧಾನ ಕಲಿಕೆಯವ’ ಎಂದು ಗುರುತಿಸುವ ಮೊದಲು ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳಿಸಿ ನೋಡಬೇಕು.

ಅಂಗವಿಕಲ ಮಕ್ಕಳ ವಿಷಯದಲ್ಲಿ 2016ರ ನಮ್ಮ ಕಾಯ್ದೆ ವಿಶಾಲವಾಗಿದೆ, 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕೊಡಗಿನಲ್ಲಿ ತೊಡಕು ಇಳಿಜಾರಿನದು. ಗಾಲಿಕುರ್ಚಿಯ ಇಳಿಜಾರು ದಾರಿಗೆ ಅಮೆರಿಕದ ಮಾನದಂಡ ಒಂದಡಿ ಎತ್ತರಕ್ಕೆ ಕನಿಷ್ಠ ಹನ್ನೆರಡಡಿ ಉದ್ದ: ಮೂರು ಅಡಿ ಎತ್ತರದ ಜಗಲಿಗೆ 36 ಅಡಿ ಉದ್ದ, ನಡುವೆ ತಂಗುವ ಸಮತಟ್ಟು ಜಾಗ. ತಪಾಸಣೆಗೆಂದು ಹತ್ತಡಿಯೊಳಗೆ ಮುಗಿಸಿದ ಸಿಮೆಂಟ್ ಇಳಿಜಾರು ಜುಲೈ ಮಳೆಯಲ್ಲಿ ಪಾಚಿ ಕಟ್ಟಿ ಜಾರುಬಂಡೆಯಾಗುತ್ತದೆ, ಗಾಲಿಕುರ್ಚಿಗೆ ಅಪಾಯ. ಜಾಗವಿಲ್ಲದಿದ್ದರೆ ಅಮೆರಿಕದ ನಿಯಮ ಒಪ್ಪುವ ಸರಳ ದಾರಿಯೊಂದಿದೆ. ಹಳೆಯ ಕಟ್ಟಡವನ್ನು ಒಡೆಯಬೇಕಿಲ್ಲ, ಆ ಮಗುವಿನ ತರಗತಿಯನ್ನೇ ಕೆಳಗಿನ ಕೊಠಡಿಗೆ ತರಬೇಕು. ಖರ್ಚಿಲ್ಲ.

ಇನ್ನು ಪುಸ್ತಕ. ಹಾಜರಿ ಪುಸ್ತಕದ ಪಕ್ಕದಲ್ಲಿ ಪುಟಸಂಖ್ಯೆ ಹಾಕಿದ ಒಂದು ನೋಟ್‌ಬುಕ್ ಇರಲಿ. ದಿನಾಂಕ, ಕಂಡದ್ದು ಅಥವಾ ಕೇಳಿದ್ದು ಆಡಿದ ಮಾತಿನಲ್ಲೇ, ಅಂದೇ ಮಾಡಿದ್ದೇನು, ಉತ್ತರ ಕೊಟ್ಟ ದಿನ, ಸಹಿ. ಕೇಳಿಸಿಕೊಂಡವರು ಅಡುಗೆಯವರಾದರೆ ಹೇಳಿ ಬರೆಸಲಿ. ಮರುದಿನದೊಳಗೆ ಮುಖ್ಯ ಶಿಕ್ಷಕರು ನೋಡಬೇಕು. ದೂರು ಅವರ ಮೇಲೆಯೇ ಇದ್ದರೆ ನೇರ ಕ್ಷೇತ್ರ ಶಿಕ್ಷಣಾಧಿಕಾರಿಗೆ. ಹದಿನೈದು ದಿನದಲ್ಲಿ ಲಿಖಿತ ಉತ್ತರ. ಹದಿನೈದು ಎಂಬುದು ನನ್ನ ಸಲಹೆ, ಕಾನೂನಿನದಲ್ಲ.

ಇದು ಕೆಡುವ ಬಗೆಗಳು ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ. ಪೀಡಿಸಿದವನನ್ನೂ ನೊಂದವನನ್ನೂ ಎದುರುಬದುರು ನಿಲ್ಲಿಸಿ ‘ನಿಜ ಹೇಳಿ’ ಎನ್ನುವುದು. ನೊಂದ ಮಗುವನ್ನೇ ಬೇರೆ ಬೆಂಚಿಗೆ, ಬೇರೆ ಶಾಲೆಗೆ ಸಾಗಿಸುವುದು. ಮಕ್ಕಳಾಟ ಎಂದುಬಿಡುವುದು. ಎಲ್ಲಕ್ಕಿಂತ ಕೆಟ್ಟದ್ದು ರಾಜಿ. ಅಸ್ಪೃಶ್ಯತೆಯ ಕಾರಣಕ್ಕೆ ಶಾಲೆಗೆ ಸೇರಿಸದಿರುವುದು, ಸೇರಿಸಿಕೊಂಡ ಮೇಲೆ ಭೇದ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಒಂದರಿಂದ ಆರು ತಿಂಗಳ ಜೈಲಿನ ಅಪರಾಧ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಗೆ 1989ರ ಕಾಯ್ದೆಯಿದೆ. 2018ರ ತಿದ್ದುಪಡಿಯ ನಂತರ ಅದರಡಿ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಇಂಥದ್ದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಚಹಾ ಕುಡಿದು ಮುಗಿಸುವ ಅಧಿಕಾರ ಯಾರಿಗೂ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಪ್ರತೀಕಾರದ ಭಯ. ದೂರು ಕೊಟ್ಟವರಿಗೆ ತೊಂದರೆ ಕೊಡುವುದೇ ಅಮೆರಿಕದ ಈ ಎಲ್ಲ ಕಾನೂನುಗಳಲ್ಲಿ ಬೇರೊಂದು ತಪ್ಪು. ಮೂಲ ದೂರು ಸಾಬೀತಾಗದಿದ್ದರೂ ಅದಕ್ಕೆ ಕ್ರಮ ಇದೆ. ಲೈನ್ ಮನೆಯ ಕುಟುಂಬಕ್ಕೆ ಸೂರು, ಕೂಲಿ, ಮುಂಗಡ ಸಾಲ ಮೂರೂ ಒಂದೇ ತೋಟದಿಂದ ಬರುತ್ತವೆ. ಶಾಲೆಯ ಸಮಿತಿಯ ಅಧ್ಯಕ್ಷರು ಆ ತೋಟದ ಲೆಕ್ಕ ಬರೆಯುವ ರೈಟರೋ ಮಾಲೀಕರ ನೆಂಟರೋ ಆಗಿದ್ದರೆ ಯಾವ ತಾಯಿ ಬಾಯಿ ಬಿಟ್ಟಾಳು? ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರು, ಅರ್ಧದಷ್ಟು ಮಹಿಳೆಯರು ಇರಬೇಕು, ದುರ್ಬಲ ವರ್ಗದ ಹೆತ್ತವರಿಗೆ ಪಾಲು ಸಿಗಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಹಾಡಿಯ ತಾಯಂದಿರು ಬರಬೇಕಾದರೆ ಸಭೆಯನ್ನು ಕೊಯ್ಲಿನ ದಿನಗಳಲ್ಲಿ ಕೆಲಸದ ಹೊತ್ತಿಗೆ ಇಡಬಾರದು. ಕೂಲಿ ಬಿಟ್ಟು ಯಾರೂ ಬರಲಾರರು.

ಅವರು ಬರದಿದ್ದರೂ ಒಂದು ದಾರಿ ತೆರೆದಿದೆ. ಮಗುವಿನ ಹಕ್ಕಿನ ಬಗ್ಗೆ ‘ಯಾವುದೇ ವ್ಯಕ್ತಿ’ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಎನ್ನುತ್ತದೆ ಅದೇ ಕಾಯ್ದೆಯ 32ನೇ ಕಲಂ. ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ಮೇಷ್ಟ್ರು, ಅದೇ ಶಾಲೆಯ ಇನ್ನೊಬ್ಬ ಶಿಕ್ಷಕಿ ಯಾರಾದರೂ ಸಹಿ ಹಾಕಬಹುದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಹಾಗೂ ದಿನಾಂಕದೊಂದಿಗೆ ಸ್ವೀಕೃತಿ ಪಡೆಯಬೇಕು. ಮೂರು ತಿಂಗಳ ಎಣಿಕೆಗೆ ಆ ಮೊಹರೇ ಆಧಾರ. ದೂರಿನಲ್ಲಿ ಲೈನ್ ಮನೆಯ ತಾಯಿಯ ಸಹಿ ಇರಬೇಕಾಗಿಲ್ಲ.